ಗ್ರೀಸ್ ಹೊಡೆದಷ್ಟೂ ಬೇರಿಂಗ್ ಬೇಗ ಹೋಗುವುದೇಕೆ?

ಪ್ರಶ್ನೆ: ದಾವಣಗೆರೆ–ಹರಿಹರ ನಡುವೆ ನಮ್ಮದೊಂದು ಅಕ್ಕಿ ಗಿರಣಿ ಇದೆ. ಹೊಟ್ಟು ಎಳೆದು ಹೊರಗೆಸೆಯುವ ಬ್ಲೋವರ್‌ನ ಬೇರಿಂಗ್ ಎರಡು ಮೂರು ತಿಂಗಳಿಗೊಮ್ಮೆ ಕೂಗಲು ಶುರುಮಾಡಿ, ಕೊನೆಗೆ ಹಿಡಿದುಕೊಳ್ಳುತ್ತದೆ. ಅದರ ಮೇಲಿನ ನಂಬರ್ 6310. ಮೋಟರ್‌ನಂತೆಯೇ ಸುಮಾರು 1500 ಸುತ್ತಿನಲ್ಲಿ ತಿರುಗುತ್ತದೆ. ಗ್ರೀಸ್‌ಗೇನೂ ನಾವು ಕಡಿಮೆ ಮಾಡಿಲ್ಲ. ಪ್ರತಿ ಸೋಮವಾರ ಫಿಟ್ಟರ್ ಅದು ಸೀಲಿನಿಂದ ಹೊರಗೆ ಉಕ್ಕುವವರೆಗೂ ಹೊಡೆಯುತ್ತಾರೆ. ಆದರೂ ಮುಟ್ಟಲಾಗದಷ್ಟು ಬಿಸಿ. ಅಂಗಡಿಯವರು ದುಬಾರಿ ಕಪ್ಪು ಗ್ರೀಸ್ ಹಾಕಿ ಎನ್ನುತ್ತಾರೆ, ಇನ್ನು ಕೆಲವರು ಗೇರ್ ಆಯಿಲ್ ಬೆರೆಸಿ ಎನ್ನುತ್ತಾರೆ. ನಮಗೆ ನಕಲಿ ಬೇರಿಂಗ್ ಸಿಗುತ್ತಿದೆಯೇ? ಕಾಳನ್ನು ಮೇಲಕ್ಕೆ ಸಾಗಿಸುವ ಎಲಿವೇಟರ್‌ಗೂ ಅದೇ ಗ್ರೀಸ್ ನಡೆಯುತ್ತದೆಯೇ?

ಉತ್ತರ: ನಕಲಿ ಬೇರಿಂಗ್‌ನ ಅನುಮಾನದಿಂದಲೇ ಶುರುಮಾಡೋಣ, ಏಕೆಂದರೆ ಅದಕ್ಕೆ ಲೆಕ್ಕದಲ್ಲೇ ಉತ್ತರವಿದೆ. 6310 ಎಂದರೆ 50 ಮಿಮೀ ಶಾಫ್ಟ್‌ಗೆ ಕೂರುವ, 110 ಮಿಮೀ ಹೊರವ್ಯಾಸದ, 27 ಮಿಮೀ ಅಗಲದ ಬಾಲ್ ಬೇರಿಂಗ್. ಕ್ಯಾಟಲಾಗ್‌ನಲ್ಲಿ ಅದರ ಡೈನಾಮಿಕ್ (ತಿರುಗುವಾಗ ಭಾರ ಹೊರುವ) ಸಾಮರ್ಥ್ಯ ಸುಮಾರು 62 ಕಿಲೋನ್ಯೂಟನ್. ನಿಮ್ಮ ಬ್ಲೋವರ್‌ನಲ್ಲಿ ಇಂಪೆಲರ್ (ಬ್ಲೇಡುಗಳಿರುವ ಚಕ್ರ) ತೂಕ, ಬೆಲ್ಟಿನ ಎಳೆತ ಎಲ್ಲ ಸೇರಿ ಒಂದು ಬೇರಿಂಗ್ ಮೇಲೆ 300 ಕೆಜಿ, ಅಂದರೆ ಸುಮಾರು 3 ಕಿಲೋನ್ಯೂಟನ್ ಭಾರ ಬೀಳುತ್ತದೆ ಎಂದು ಧಾರಾಳವಾಗಿಯೇ ಹಿಡಿಯೋಣ. ಸಾಮರ್ಥ್ಯವನ್ನು ಭಾರದಿಂದ ಭಾಗಿಸಿ, ಬಂದದ್ದರ ಘನ ತೆಗೆದರೆ (ಅದೇ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸಿದರೆ) ಎಷ್ಟು ದಶಲಕ್ಷ ಸುತ್ತು ಬಾಳುತ್ತದೆ ಎಂಬ ಲೆಕ್ಕ ಸಿಗುತ್ತದೆ. 1500 ಸುತ್ತಿನ ವೇಗದಲ್ಲಿ ಅದು ಸುಮಾರು 98,000 ಗಂಟೆ. ಹಗಲು ರಾತ್ರಿ ಓಡಿಸಿದರೂ ಹನ್ನೊಂದು ವರ್ಷ. ನೂರು ಬೇರಿಂಗ್‌ಗಳಲ್ಲಿ ತೊಂಬತ್ತು ಇಷ್ಟು ಕಾಲವನ್ನು ದಾಟಬೇಕು. ನಕಲಿ ಮಾಲು ಪೇಟೆಯಲ್ಲಿ ಇದೆ, ನಂಬಿಕೆಯ ಡೀಲರ್ ಹತ್ತಿರವೇ ಬಿಲ್ ಸಮೇತ ತೆಗೆದುಕೊಳ್ಳಿ. ಆದರೆ ಹನ್ನೊಂದು ವರ್ಷ ಬಾಳಬೇಕಾದದ್ದು ಪ್ರತಿ ಸಲವೂ ಮೂರು ತಿಂಗಳಿಗೇ ಹೋಗುತ್ತಿದೆ ಎಂದರೆ ಉಕ್ಕು ದಣಿದು ಹೋಗುತ್ತಿಲ್ಲ. ಹೊರಗಿನಿಂದ ಏನೋ ಅದನ್ನು ಹಾಳುಮಾಡುತ್ತಿದೆ. ನನ್ನ ಅನುಮಾನ ಮೊದಲು ಸೋಮವಾರದ ಗ್ರೀಸ್ ಗನ್ ಮೇಲೆ, ಆಮೇಲೆ ಇಂಪೆಲರ್ ಮೇಲೆ.

ಗ್ರೀಸ್ ಎಂದರೆ ಬಹುಪಾಲು ಎಣ್ಣೆಯೇ. ನೂರರಲ್ಲಿ 70ರಿಂದ 95 ಪಾಲು ಎಣ್ಣೆ. ಉಳಿದದ್ದು ಆ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವ ಸೋಪು, ಜತೆಗೆ ತುಕ್ಕು ತಡೆಯುವ, ಸವೆತ ತಡೆಯುವ ಒಂದಿಷ್ಟು ಮದ್ದು. ನಮ್ಮ ಕಡೆ ಎಂಪಿ (ಮಲ್ಟಿಪರ್ಪಸ್) ಗ್ರೀಸ್ ಎಂದು ಮಾರುವುದು ಸಾಮಾನ್ಯವಾಗಿ ಲಿಥಿಯಂ ಸೋಪಿನದು. ಬೇರಿಂಗನ್ನು ಉಳಿಸುವ ಕೆಲಸ ಮಾಡುವುದು ಸೋಪಲ್ಲ, ಅದರಿಂದ ಸ್ವಲ್ಪಸ್ವಲ್ಪವೇ ಒಸರುವ ಎಣ್ಣೆ. ಗುಂಡು ಉರುಳುವಾಗ ಆ ಎಣ್ಣೆ ಗುಂಡಿಗೂ ಹಾದಿಗೂ ನಡುವೆ ಸಿಕ್ಕಿ, ಎರಡನ್ನೂ ಮುಟ್ಟಗೊಡದೆ ಎತ್ತಿ ಹಿಡಿಯುತ್ತದೆ.

ಎಣ್ಣೆ ಹೀಗೆ ಭಾರ ಹೊರುತ್ತದೆ ಎಂಬುದು ಗೊತ್ತಾದ ಬಗೆ ನನಗೆ ಯಾವಾಗಲೂ ಇಷ್ಟ. 1880ರ ದಶಕದ ಆರಂಭದಲ್ಲಿ ಬೋಶಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗ್‌ನ ನೆತ್ತಿಗೆ ತೂತು ಕೊರೆದರೆ, ಯಂತ್ರ ಓಡುವಾಗ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದ ಮೇಲಕ್ಕೆ ಬಂತು. ಬಿರಡೆ ಜಡಿದರು, ಎಣ್ಣೆ ಬಿರಡೆಯನ್ನೇ ದೂಡಿ ಹಾಕಿತು. ಒತ್ತಡದ ಮೀಟರ್ ಕೂರಿಸಿ ನೋಡಿದಾಗ, ಬೇರಿಂಗ್ ಮೇಲಿದ್ದ ಸರಾಸರಿ ಒತ್ತಡಕ್ಕಿಂತ ಎಷ್ಟೋ ಹೆಚ್ಚಿನ ಒತ್ತಡ ಅಲ್ಲಿ ಕಾಣಿಸಿತು. ತಿರುಗುವ ಶಾಫ್ಟೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು ಅದರ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕಟ್ಟಿಕೊಟ್ಟರು. ಇಂದಿಗೂ ಬೇರಿಂಗ್ ವಿನ್ಯಾಸ ನಿಂತಿರುವುದು ಆ ಸಮೀಕರಣದ ಮೇಲೆ.

ಟವರ್ ಪರೀಕ್ಷಿಸಿದ್ದು ಜಾರುವ ಬೇರಿಂಗ್. ನಿಮ್ಮದು ಉರುಳುವಂಥದ್ದು, ಇಲ್ಲಿ ಎಣ್ಣೆಯ ಪದರ ಇನ್ನೂ ತೆಳು. ಒಂದು ಮೈಕ್ರಾನ್‌ಗಿಂತ ಕಡಿಮೆಯೇ ಇರುವುದು ಸಾಮಾನ್ಯ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರಲ್ಲಿ ನೂರಕ್ಕೊಂದು ಪಾಲಿನಷ್ಟು ಎಣ್ಣೆ ಇಡೀ ಬ್ಲೋವರ್‌ನ ಭಾರ ಹೊತ್ತಿರುತ್ತದೆ. ಇಷ್ಟು ತೆಳುವಾದ ಪದರಕ್ಕೆ ಹಿಡಿಗಟ್ಟಲೆ ಗ್ರೀಸ್ ಬೇಕಿಲ್ಲ. ಬೇಕಾದದ್ದು ಕೊಂಚ ಎಣ್ಣೆ, ಅದು ಶುಚಿಯಾಗಿರಬೇಕು, ಕಾದು ನೀರಾಗಬಾರದು.

ಈಗ ನಿಮ್ಮ ಫಿಟ್ಟರ್ ಸೀಲಿನಿಂದ ಉಕ್ಕುವವರೆಗೆ ಗ್ರೀಸ್ ಹೊಡೆದಾಗ ಒಳಗೆ ಏನಾಗುತ್ತದೆ ನೋಡಿ. ಬೇರಿಂಗ್ ಕೂತಿರುವ ಹೌಸಿಂಗ್‌ನಲ್ಲಿ ಖಾಲಿ ಜಾಗವೇ ಉಳಿಯುವುದಿಲ್ಲ. ಗುಂಡುಗಳು ನಿಮಿಷಕ್ಕೆ ನೂರಾರು ಸಲ ಆ ಮುದ್ದೆಯನ್ನು ಸೀಳಿಕೊಂಡು ಓಡಬೇಕು. ಗ್ರೀಸ್ ಪಕ್ಕಕ್ಕೆ ಸರಿಯಲು ಜಾಗವಿದ್ದರೆ ಮೊದಲ ಕೆಲವು ಗಂಟೆ ಬಿಸಿ ಏರಿ ಆಮೇಲೆ ಇಳಿದು ನಿಲ್ಲುತ್ತದೆ. ಜಾಗವಿಲ್ಲದಿದ್ದರೆ ಕಡೆಯುವುದು ನಿಲ್ಲುವುದೇ ಇಲ್ಲ, ಬಿಸಿಯೂ ಇಳಿಯುವುದಿಲ್ಲ. ಬಿಸಿಯಾದ ಎಣ್ಣೆ ತೆಳುವಾಗುತ್ತದೆ. 40 ಡಿಗ್ರಿಯಲ್ಲಿ 100 ಸೆಂಟಿಸ್ಟೋಕ್ (ಎಣ್ಣೆಯ ಮಂದತನದ ಅಳತೆ) ದಪ್ಪವಿರುವ ಸಾಮಾನ್ಯ ಖನಿಜ ಎಣ್ಣೆ 100 ಡಿಗ್ರಿಗೆ ಹೋದಾಗ 11ಕ್ಕೆ ಇಳಿಯುತ್ತದೆ. ನಿಮ್ಮ ಬೇರಿಂಗ್‌ಗೆ ಆ ವೇಗದಲ್ಲಿ ಕನಿಷ್ಠ 13ರಷ್ಟು ಬೇಕು. 70 ಡಿಗ್ರಿಯಲ್ಲಿ ಓಡಿದ್ದರೆ ಬೇಕಾದದ್ದಕ್ಕಿಂತ ಎರಡು ಪಟ್ಟು ದಪ್ಪ ಸಿಗುತ್ತಿತ್ತು, 100ರಲ್ಲಿ ಲೋಹಕ್ಕೆ ಲೋಹ ತಾಕಲು ಶುರು. ಇದರ ಮೇಲೆ ಗ್ರೀಸಿನ ಆಯಸ್ಸೂ ಕುಗ್ಗುತ್ತದೆ: 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಅರ್ಧರ್ಧ. ಬಿಸಿಯಾಯಿತೆಂದು ಇನ್ನಷ್ಟು ಗ್ರೀಸ್ ಹೊಡೆಯುತ್ತಾರೆ, ಅದರಿಂದ ಇನ್ನಷ್ಟು ಬಿಸಿ. ನಮ್ಮ ಸೀಮೆಯ ಗಿರಣಿಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ. ಇದನ್ನು ಮಾಡುವವರು ಸೋಮಾರಿಗಳಲ್ಲ, ಯಂತ್ರದ ಮೇಲೆ ನಿಜವಾಗಿ ಕಾಳಜಿ ಇರುವವರೇ. ನಿಮ್ಮ ಫಿಟ್ಟರ್‌ಗೆ ಗದರಬೇಡಿ, ತೂಕದ ಲೆಕ್ಕ ಹೇಳಿಕೊಡಿ.

ಲೆಕ್ಕ ಸುಲಭ. ಬೇರಿಂಗ್‌ನ ಹೊರವ್ಯಾಸವನ್ನು ಅಗಲದಿಂದ ಗುಣಿಸಿ, ಅದನ್ನು 0.005ರಿಂದ ಗುಣಿಸಿ, ಎಲ್ಲ ಮಿಲಿಮೀಟರ್‌ನಲ್ಲಿ. ಬಂದದ್ದು ಗ್ರಾಂ. ನಿಮ್ಮ 6310ಕ್ಕೆ 110 × 27 × 0.005, ಅಂದರೆ ಸುಮಾರು 15 ಗ್ರಾಂ. ಒಂದು ಸಲದ ಮರುಪೂರಣಕ್ಕೆ ಅಷ್ಟೇ. ಗನ್ನಿನ ಒಂದು ಹೊಡೆತಕ್ಕೆ ಎಷ್ಟು ಬರುತ್ತದೆ ಎಂಬುದು ಗನ್ನಿನಿಂದ ಗನ್ನಿಗೆ ಬೇರೆ. ಕಾಗದದ ಮೇಲೆ ಹತ್ತು ಹೊಡೆತ ಹೊಡೆದು ಚಿನ್ನದಂಗಡಿಯ ತಕ್ಕಡಿಯಲ್ಲೋ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೋ ತೂಗಿಸಿ, ಹತ್ತರಿಂದ ಭಾಗಿಸಿ, ಆ ಸಂಖ್ಯೆಯನ್ನು ಗನ್ನಿನ ಮೇಲೇ ಬಣ್ಣದಲ್ಲಿ ಬರೆಯಿರಿ. ಶುಚಿಯಾದ ಜಾಗದಲ್ಲಿ ಈ ಗಾತ್ರದ ಬೇರಿಂಗ್ ಈ ವೇಗದಲ್ಲಿ ಸಾವಿರಾರು ಗಂಟೆ ಹೊಸ ಗ್ರೀಸ್ ಕೇಳುವುದಿಲ್ಲ. ನಿಮ್ಮದು ಹೊಟ್ಟಿನ ಕೋಣೆ, ಆದ್ದರಿಂದ ಸೀಲಿನ ಅಂಚಿನಲ್ಲಿ ಹೊಸ ಗ್ರೀಸಿನ ತಡೆ ಇರಲೆಂದು ಆ 15 ಗ್ರಾಂ ಅನ್ನೇ ತಿಂಗಳಿಗೆ ಹಂಚಿ, ವಾರಕ್ಕೆ ಮೂರು ನಾಲ್ಕು ಗ್ರಾಂ ಕೊಡಿ. ಸೋಮವಾರದ ಪದ್ಧತಿ ಬಿಡಬೇಕಿಲ್ಲ, ಪ್ರಮಾಣ ಇಳಿಸಿದರೆ ಸಾಕು. ಬ್ಲೋವರ್ ಓಡುತ್ತಿರುವಾಗಲೇ, ಬೆಲ್ಟಿಗೆ ಗಾರ್ಡ್ ಇದ್ದು ಗ್ರೀಸ್ ಹೊಡೆಯುವ ನಿಪ್ಪಲ್‌ಗೆ ಸುರಕ್ಷಿತವಾಗಿ ಕೈ ಎಟುಕುವಂತಿದ್ದರೆ ಮಾತ್ರ, ನಿಧಾನ ಹೊಡೆಯುವುದು ಒಳ್ಳೆಯದು. ಹೊಸ ಬೇರಿಂಗ್ ಹಾಕುವಾಗ ಗುಂಡುಗಳ ನಡುವೆ ಕೈಯಿಂದ ಚೆನ್ನಾಗಿ ತುಂಬಿ, ಹೌಸಿಂಗ್‌ನ ಖಾಲಿ ಜಾಗದಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ತುಂಬಿ.

ಪ್ರಮಾಣಕ್ಕಿಂತಲೂ ನನಗೆ ಹೆಚ್ಚು ಚಿಂತೆ ಧೂಳಿನದು. ಅಕ್ಕಿ ಗಿರಣಿ ಎಂದರೆ ಘರ್ಷಣೆಯನ್ನೇ ಕೆಲಸಕ್ಕೆ ಹಚ್ಚಿದ ಜಾಗ. ಶೆಲ್ಲರ್‌ನ ಎರಡು ರಬ್ಬರ್ ರೋಲುಗಳು ಬೇರೆಬೇರೆ ವೇಗದಲ್ಲಿ ತಿರುಗಿ ಭತ್ತವನ್ನು ಉಜ್ಜುವುದರಿಂದಲೇ ಹೊಟ್ಟು ಬಿಡುತ್ತದೆ. ವೈಟನರ್‌ನಲ್ಲಿ ಕುರುಂದದ ಕಲ್ಲು ತೌಡು ಕೆರೆಯುತ್ತದೆ, ಪಾಲಿಶರ್‌ನಲ್ಲಿ ಅಕ್ಕಿಗೆ ಅಕ್ಕಿಯೇ ಉಜ್ಜಿಕೊಂಡು ಹೊಳಪು ಬರುತ್ತದೆ. ಅಲ್ಲಿ ಬೇಕಾದ ಅದೇ ಉಜ್ಜಾಟ ಬೇರಿಂಗ್ ಒಳಗೆ ನಡೆದರೆ ಹಾಳು. ಭತ್ತದ ಹೊಟ್ಟಿನ ತೂಕದಲ್ಲಿ ನೂರಕ್ಕೆ 15ರಿಂದ 20 ಪಾಲು ಸಿಲಿಕಾ, ಅದೂ ಬಹುಪಾಲು ಹೊರಮೈಯಲ್ಲೇ. ರಬ್ಬರ್ ರೋಲು ಬೇಗ ಸವೆಯುವುದಕ್ಕೂ, ಹೊಟ್ಟಿನ ಪೈಪಿನ ಬೆಂಡುಗಳಲ್ಲಿ ತೂತು ಬೀಳುವುದಕ್ಕೂ ಇದೇ ಕಾರಣ. ಅದಕ್ಕಿಂತ ಕೆಟ್ಟದ್ದು ಭತ್ತದ ಜತೆ ಬರುವ ಮಣ್ಣು. ಭದ್ರಾ ನಾಲೆ ಕೆಳಗಿನ ಊರುಗಳಲ್ಲಿ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಒಣಗಿಸುವ ಕಣ. ಅಲ್ಲಿಂದ ಬಾಚಿ ತುಂಬಿದ ಚೀಲದಲ್ಲಿ ಸಣ್ಣ ಮರಳು ಇದ್ದೇ ಇರುತ್ತದೆ. ಆ ಮರಳು ಕ್ವಾರ್ಟ್ಜ್. ವಿಕರ್ಸ್ ಅಳತೆಯಲ್ಲಿ ಅದರ ಗಡಸುತನ ಸಾವಿರಕ್ಕೂ ಮೇಲೆ, ಬೇರಿಂಗ್ ಉಕ್ಕಿನದು 700ರಿಂದ 800, ನಿಮ್ಮ ಇಂಪೆಲರ್‌ನ ಮೈಲ್ಡ್ ಸ್ಟೀಲಿನದು 150ರ ಆಸುಪಾಸು. ಗಡಸಾದದ್ದು ಮೆದುವಾದದ್ದನ್ನು ಕೆರೆಯುತ್ತದೆ. ಒಂದು ಮೈಕ್ರಾನ್ ಎಣ್ಣೆಯ ಪದರದೊಳಕ್ಕೆ ಹತ್ತು ಇಪ್ಪತ್ತು ಮೈಕ್ರಾನ್‌ನ ಮರಳಿನ ಕಣ ಹೊಕ್ಕರೆ ಎಣ್ಣೆ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರನ್ನು ಕೇಳಿ, ಶೇಂಗಾ ಜತೆ ಮಣ್ಣು ಬಂದ ವರ್ಷ ಎಣ್ಣೆ ಹಿಂಡುವ ಎಕ್ಸ್‌ಪೆಲರ್‌ನ ವರ್ಮ್ (ತಿರುಪಿನ ಸುರುಳಿ) ಎಷ್ಟು ಬೇಗ ಬೋಳಾಗುತ್ತದೆ ಎಂದು ಹೇಳುತ್ತಾರೆ. ಮಂಡಕ್ಕಿಯನ್ನು ಬಿಸಿ ಮರಳಿನಲ್ಲಿ ಹುರಿಯುವ ಭಟ್ಟಿಗಳಲ್ಲಿ ಯಂತ್ರ ಹಾಕಿದವರಿಗೂ ಇದೇ ಗೋಳು.

ಆ ಕಣ ಒಳಗೆ ಹೋಗುವುದು ಹೇಗೆ? ಬಹುಪಾಲು ನಿಮ್ಮ ಗ್ರೀಸ್ ಗನ್ನಿನ ಮೂಲಕವೇ. ನಿಪ್ಪಲ್ ಮೇಲೆ ಒಂದು ವಾರದ ಧೂಳು ಕೂತಿರುತ್ತದೆ. ಒರೆಸದೆ ಗನ್ ಇಟ್ಟು ಒತ್ತಿದರೆ ಆ ಧೂಳೇ ಮೊದಲು ಒಳಗೆ ಹೋಗುವುದು. ಗ್ರೀಸ್ ಡಬ್ಬ ಮುಚ್ಚಳವಿಲ್ಲದೆ ಶೆಲ್ಲರ್ ಪಕ್ಕದಲ್ಲೇ ಇದ್ದರೆ ಅದರ ಮೇಲ್ಪದರ ಪೂರ್ತಿ ಹೊಟ್ಟಿನ ಪುಡಿ. ಇನ್ನು ಉಕ್ಕುವವರೆಗೆ ಒತ್ತಿದ ಗ್ರೀಸ್ ಸೀಲಿನ ತುಟಿಯನ್ನು ಮಗುಚಿ ಹಾಕುತ್ತದೆ. ಯಂತ್ರ ನಿಂತು ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ, ಆ ಸಂದಿಯಿಂದ ಹೊರಗಿನ ಧೂಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಡಬ್ಬವನ್ನು ಆಫೀಸ್ ಕೋಣೆಗೆ ಸ್ಥಳಾಂತರಿಸಿ, ಮುಚ್ಚಳ ಭದ್ರವಾಗಿರಲಿ. ಗ್ರೀಸ್ ಹೊಡೆಯುವ ಮೊದಲು ಒಂದು ಸಲ, ಹೊಡೆದ ಮೇಲೆ ಒಂದು ಸಲ, ನಿಪ್ಪಲನ್ನು ಶುದ್ಧ ಬಟ್ಟೆಯಲ್ಲಿ ಒರೆಸಬೇಕು. ಕಂಪ್ರೆಸರ್ ಗಾಳಿಯನ್ನು ಬೇರಿಂಗ್ ಕಡೆಗೆ ಹಿಡಿದು ಧೂಳು ಹಾರಿಸುವುದನ್ನು ಇಂದೇ ನಿಲ್ಲಿಸಿ. ಇವಿಷ್ಟಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು. 1966ರಲ್ಲಿ ಬ್ರಿಟನ್ ಸರ್ಕಾರಕ್ಕೆ ಪೀಟರ್ ಜೋಸ್ಟ್ ನೇತೃತ್ವದ ಸಮಿತಿ ಕೊಟ್ಟ ವರದಿ, ಘರ್ಷಣೆ–ಸವೆತದ ಬಗ್ಗೆ ಆಗಲೇ ಇದ್ದ ತಿಳಿವಳಿಕೆಯನ್ನು ಸರಿಯಾಗಿ ಬಳಸಿದರೇ ಆ ದೇಶದ ಉದ್ಯಮಕ್ಕೆ ವರ್ಷಕ್ಕೆ 51.5 ಕೋಟಿ ಪೌಂಡ್ ಉಳಿಯುತ್ತದೆ ಎಂದು ಅಂದಾಜಿಸಿತ್ತು. ಘರ್ಷಣೆ–ಸವೆತದ ಶಾಸ್ತ್ರಕ್ಕೆ ಟ್ರೈಬಾಲಜಿ ಎಂಬ ಹೆಸರು ನೆಲೆನಿಂತದ್ದು ಆ ವರದಿಯಿಂದಲೇ.

ಇನ್ನು ಇಂಪೆಲರ್. ಹೊಟ್ಟು ಅದರ ಮೂಲಕವೇ ಹಾಯುವುದರಿಂದ ಬ್ಲೇಡುಗಳು ಸವೆಯುತ್ತವೆ. ಎಲ್ಲ ಬ್ಲೇಡುಗಳೂ ಸಮನಾಗಿ ಸವೆದರೆ ತೊಂದರೆಯಿಲ್ಲ, ಆದರೆ ಹಾಗಾಗುವುದು ಅಪರೂಪ. ಒಂದು ಬದಿಯಲ್ಲಿ 50 ಗ್ರಾಂ ಹೆಚ್ಚು ಸವೆಯಿತು ಎನ್ನಿ, ಅದು ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. 1500 ಸುತ್ತಿನಲ್ಲಿ ಅದು ಹುಟ್ಟಿಸುವ ಬಲ ಸುಮಾರು 38 ಕೆಜಿ ಭಾರಕ್ಕೆ ಸಮ. ಸೆಕೆಂಡಿಗೆ 25 ಸಲ ಆ ಬಲ ಶಾಫ್ಟನ್ನು ಸುತ್ತಲೂ ಎಳೆದಾಡುತ್ತದೆ. ಬೇರಿಂಗ್ ಇಷ್ಟು ಭಾರವನ್ನೇನೋ ತಾಳುತ್ತದೆ. ಆದರೆ ಆ ಅಲುಗಾಟಕ್ಕೆ ಬೋಲ್ಟು ಸಡಿಲವಾಗುತ್ತದೆ, ಬೇರಿಂಗ್ ಕೂತ ಜಾಗ ಉಜ್ಜಿ ದೊಡ್ಡದಾಗುತ್ತದೆ, ಸೀಲು ಸವೆದು ಧೂಳಿಗೆ ದಾರಿ ಬಿಡುತ್ತದೆ. ಬೆಲ್ಟ್ ಕಳಚಿ ಇಂಪೆಲರನ್ನು ಕೈಯಿಂದ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಜಾಗ ಕೆಳಗೆ ಬಂದು ನಿಂತರೆ ಅಲ್ಲಿ ತೂಕ ಹೆಚ್ಚಿದೆ ಎಂದು ತಿಳಿಯಿರಿ. ಸವೆದ ಬ್ಲೇಡಿಗೆ ವೆಲ್ಡಿಂಗ್ ತೇಪೆ ಹಾಕುವವರು ಎದುರುಬದಿಯ ಬ್ಲೇಡನ್ನು ಮರೆಯುತ್ತಾರೆ. ಬದಲಿಸಿದರೂ ತೇಪೆ ಹಾಕಿದರೂ ಎದುರುಬದುರು ಜೋಡಿಯಾಗಿ, ತೂಗಿ, ಸಮ ಮಾಡಿಯೇ ಹಾಕಬೇಕು. ಬ್ಲೇಡಿನ ಅಂಚಿಗೆ ಹಾರ್ಡ್‌ಫೇಸಿಂಗ್ (ಗಡಸು ಪದರ ಕೂರಿಸುವ) ಕಡ್ಡಿಯ ವೆಲ್ಡಿಂಗ್ ಮಾಡಿಸಿದರೆ ಸವೆತವೇ ನಿಧಾನವಾಗುತ್ತದೆ. ಗಾಳಿ ಸಾಲುತ್ತಿಲ್ಲವೆಂದು ಪುಲಿ ಬದಲಿಸಿ ವೇಗ ಏರಿಸಬೇಡಿ. ಹೊಟ್ಟಿನ ಹೊಡೆತಕ್ಕೆ ಆಗುವ ಸವೆತ ವೇಗದ ವರ್ಗಕ್ಕಿಂತಲೂ ಜೋರಾಗಿ ಏರುತ್ತದೆ, ವೇಗ ಎರಡರಷ್ಟಾದರೆ ಸವೆತ ನಾಲ್ಕರಷ್ಟನ್ನೂ ಮೀರುತ್ತದೆ.

ನಾನು ಹೇಳುತ್ತಿರುವುದರಲ್ಲಿ ಯಾವುದು ನಿಮ್ಮ ಬೇರಿಂಗ್‌ನ ಕಾರಣ ಎಂದು ನೀವೇ ಪತ್ತೆಮಾಡಬಹುದು. ಹೋದ ಬೇರಿಂಗನ್ನು ಗುಜರಿಗೆ ಹಾಕಬೇಡಿ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಲೇತ್ ಶಾಪಿನಲ್ಲಿ ಹೊರ ಉಂಗುರ ಸೀಳಿಸಿ, ಗುಂಡು ಓಡಿದ ಹಾದಿಯನ್ನು ಬಿಸಿಲಲ್ಲಿ ಹಿಡಿದು ನೋಡಿ. ಹಾದಿ ಹೊಳಪು ಕಳೆದುಕೊಂಡು ಮಾಸಲು ಬೂದು ಬಣ್ಣಕ್ಕೆ ತಿರುಗಿ ಅಗಲವಾಗಿದ್ದರೆ ಧೂಳು ಅರೆದಿದೆ. ಕಂದು ಅಥವಾ ನೀಲಿ ಛಾಯೆ ಇದ್ದರೆ ಕಾದು ಹೋಗಿದೆ. ಗುಂಡುಗಳ ನಡುವಿನ ಅಂತರದಲ್ಲೇ ಸಾಲಾಗಿ ತಗ್ಗುಗಳಿದ್ದರೆ ಕೂರಿಸುವಾಗ ಸುತ್ತಿಗೆ ಏಟು ಬಿದ್ದಿದೆ, ಇಲ್ಲವೇ ಸುಗ್ಗಿ ಮುಗಿದು ಬ್ಲೋವರ್ ನಿಂತಿದ್ದಾಗ ಪಕ್ಕದ ಯಂತ್ರದ ನಡುಕ ಅದಕ್ಕೆ ತಾಕಿದೆ. ನಿಂತ ಯಂತ್ರದ ಶಾಫ್ಟನ್ನು ಆಗಾಗ ಕೈಯಿಂದ ಒಂದು ಸುತ್ತು ತಿರುಗಿಸಿಡುವುದು ಇದಕ್ಕೇ. ಭಾರ ಬೀಳುವ ಕಡೆ ಮಾತ್ರ ಉಕ್ಕಿನ ಹೊಪ್ಪಳಿಕೆ ಎದ್ದಿದ್ದರೆ ಅದು ದಣಿವು, ಬೆಲ್ಟ್ ಬಿಗಿ ಹೆಚ್ಚಾಗಿದೆಯೇ ನೋಡಿ. ಭಾರ ಎರಡರಷ್ಟಾದರೆ ಬಾಲ್ ಬೇರಿಂಗ್‌ನ ಆಯಸ್ಸು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀವು ಬರೆದ ಲಕ್ಷಣ ನೋಡಿದರೆ ನಿಮಗೆ ಮೊದಲೆರಡು, ಬೂದು ಮತ್ತು ಕಂದು, ಒಟ್ಟಿಗೆ ಕಾಣಬಹುದು ಎಂಬುದು ನನ್ನ ಅಂದಾಜು.

ಹೊಸದನ್ನು ಕೂರಿಸುವಾಗ ಹೊರ ಉಂಗುರಕ್ಕೆ ಏಟು ಹಾಕಿ ಶಾಫ್ಟಿಗೆ ತಳ್ಳಬಾರದು, ಆ ಏಟೆಲ್ಲ ಗುಂಡುಗಳ ಮೂಲಕವೇ ಹಾಯುತ್ತದೆ. ಎಣ್ಣೆಯಲ್ಲಿಟ್ಟು 80ರಿಂದ 100 ಡಿಗ್ರಿಗೆ ಕಾಯಿಸಿದರೆ ತಾನಾಗಿ ಜಾರಿ ಕೂರುತ್ತದೆ. ಗ್ಯಾಸ್ ಕಟ್ಟರ್‌ನ ಜ್ವಾಲೆ ಮಾತ್ರ ಬೇಡ. ಓಡಲು ಶುರುವಾದ ಮೇಲೆ ಬಿಸಿ ಅಳೆಯುವ ಚಿಕ್ಕ ಗನ್ ಒಂದನ್ನು ಕೊಂಡು ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನೋಡಿ ಗೋಡೆಯ ಮೇಲೆ ಬರೆಯಿರಿ. ಅಂಕಿ 70ರ ಒಳಗೆ ನಿಂತರೆ ನೆಮ್ಮದಿ. ಕೈಗೆ ಬಿಸಿ ಎನಿಸಿತು ಎಂಬುದಷ್ಟೇ ಸಾಲದು, ಏಕೆಂದರೆ 60 ಡಿಗ್ರಿಯಲ್ಲೇ ಕೈ ಇಡಲಾಗುವುದಿಲ್ಲ, ಬೇರಿಂಗ್‌ಗೆ ಅದು ಏನೂ ಅಲ್ಲ.

ಎಲಿವೇಟರ್‌ನ ಪ್ರಶ್ನೆ ಒಳ್ಳೆಯದು. ವೇಗದ ಯಂತ್ರಕ್ಕೆ ದಪ್ಪ ಎಣ್ಣೆ, ನಿಧಾನದ್ದಕ್ಕೆ ಯಾವುದಾದರೂ ಆದೀತು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ನಿಜ ಇದಕ್ಕೆ ತಿರುಗುಮುರುಗು. ಎಣ್ಣೆಯನ್ನು ಸಂದಿಗೆ ಎಳೆದೊಯ್ಯುವುದು ವೇಗ, ಆದ್ದರಿಂದ ವೇಗ ಕಡಿಮೆಯಿದ್ದಲ್ಲಿ ಎಣ್ಣೆಯೇ ದಪ್ಪವಿರಬೇಕು. ಅದೇ 6310 ಗಾತ್ರದ ಬೇರಿಂಗ್ ನಿಮಿಷಕ್ಕೆ 100 ಸುತ್ತು ತಿರುಗಿದರೆ ಅದಕ್ಕೆ 13 ಸಾಲದು, ಓಡುವ ಬಿಸಿಯಲ್ಲಿ 110 ಸೆಂಟಿಸ್ಟೋಕ್‌ನಷ್ಟು ಬೇಕು. ಹಾಗಾಗಿ ಬ್ಲೋವರ್‌ಗೆ ಮೂಲ ಎಣ್ಣೆ (ಗ್ರೀಸ್ ಒಳಗಿನ ಎಣ್ಣೆ) 40 ಡಿಗ್ರಿಯಲ್ಲಿ 100ರಿಂದ 150 ಸೆಂಟಿಸ್ಟೋಕ್ ದರ್ಜೆಯ, ಎನ್‌ಎಲ್‌ಜಿಐ 2 ಅಥವಾ 3 ಗಟ್ಟಿಯ ಲಿಥಿಯಂ ಗ್ರೀಸ್ ಸರಿ. ಎಲಿವೇಟರ್‌ಗೆ ಮೂಲ ಎಣ್ಣೆ 220 ಅಥವಾ ಅದಕ್ಕೂ ಮೇಲಿನದ್ದು. ಎನ್‌ಎಲ್‌ಜಿಐ ಅಂಕಿ ಹೇಳುವುದು ಗ್ರೀಸ್ ಮುದ್ದೆಯ ಗಟ್ಟಿತನವನ್ನು ಮಾತ್ರ, ಒಳಗಿನ ಎಣ್ಣೆಯ ದಪ್ಪವನ್ನಲ್ಲ. ಡೀಲರ್ ಹತ್ತಿರ ಮಾಹಿತಿ ಹಾಳೆ ಕೇಳಿ, ಮೂಲ ಎಣ್ಣೆಯ ಸಾಲು ಓದಿ. ನಿಧಾನ ತಿರುಗುವ ಎಲಿವೇಟರ್ ಬುಡದ ಬೇರಿಂಗ್ ಕಾಳು, ಧೂಳಿನಲ್ಲೇ ಹೂತಿರುತ್ತದೆ. ಹೌಸಿಂಗ್‌ಗೆ ಗ್ರೀಸ್ ಧಾರಾಳವಾಗಿ ತುಂಬಬಹುದಾದ ಜಾಗ ಅದು, ಅಲ್ಲಿ ಕಡೆದು ಕಾಯುವ ಭಯವಿಲ್ಲ, ತುಂಬಿದ ಗ್ರೀಸೇ ಧೂಳಿಗೆ ಅಡ್ಡಗೋಡೆ.

ಅಂಗಡಿಯವರು ಹೇಳಿದ ಕಪ್ಪು ಗ್ರೀಸಿನಲ್ಲಿರುವುದು ಮಾಲಿಬ್ಡಿನಂ ಡೈಸಲ್ಫೈಡ್. ಎಣ್ಣೆಯ ಪದರ ನಿಲ್ಲದ ಕಡೆ, ಅಂದರೆ ನಿಧಾನವಾಗಿ ಹೆಚ್ಚು ಭಾರದಲ್ಲಿ ಜಾರುವ ಪಿನ್ನು, ಬುಷ್‌ಗಳಲ್ಲಿ ಅದು ಲೋಹವನ್ನು ಕಾಯುತ್ತದೆ. ಟ್ರ್ಯಾಕ್ಟರ್ ಟ್ರೈಲರ್‌ನ ಕೊಂಡಿಗೆ, ಜೆಸಿಬಿ ಪಿನ್ನಿಗೆ ಅದು ತಕ್ಕದ್ದು. 1500 ಸುತ್ತಿನ ಬಾಲ್ ಬೇರಿಂಗ್‌ನಲ್ಲಿ ಪದರ ತಾನೇ ಹುಟ್ಟುತ್ತದೆ, ಅಲ್ಲಿ ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡ.

ಗೇರ್ ಆಯಿಲ್ ಬೆರೆಸಲೇಬೇಡಿ. ಗ್ರೀಸ್ ತೆಳುವಾಗಿ ಸೀಲಿನಿಂದ ಸೋರಿ, ಆ ಜಿಡ್ಡಿಗೆ ಹೊಟ್ಟು ಅಂಟಿ, ಅದು ಶಾಫ್ಟಿನ ಜತೆ ಒಳಗೆ ಹೋಗುತ್ತದೆ. ಒಂದು ಕಂಪನಿಯ ಗ್ರೀಸ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗಲೂ ಎಚ್ಚರ ಬೇಕು. ಲಿಥಿಯಂ ಮೇಲೆ ಲಿಥಿಯಂ ಕಾಂಪ್ಲೆಕ್ಸ್ ಸಾಮಾನ್ಯವಾಗಿ ಹೊಂದುತ್ತದೆ. ಆದರೆ ಮೋಟರ್ ಬೇರಿಂಗ್‌ಗಳಲ್ಲಿ ಹಲವು ಸಲ ಪಾಲಿಯೂರಿಯಾ ಗ್ರೀಸ್ ತುಂಬಿರುತ್ತಾರೆ. ಅದರ ಮೇಲೆ ಲಿಥಿಯಂ ಹೊಡೆದರೆ ಎರಡೂ ಸೇರಿ ನೀರಾಗಿ ಹರಿದುಹೋಗುವ ಸಂಭವವಿದೆ. ಬ್ಲೋವರ್ ಪಕ್ಕದ ಮೋಟರಿಗೂ ಅದೇ ಗನ್ನಿನಿಂದ ಹೊಡೆಯುವ ರೂಢಿ ಇದ್ದರೆ, ಮುಂದಿನ ಸೋಮವಾರ ಗನ್ ಎತ್ತುವ ಮೊದಲು ಮೋಟರಿನ ಪ್ಲೇಟ್ ಮೇಲೆ ಯಾವ ಗ್ರೀಸ್ ಎಂದು ಬರೆದಿದೆ ನೋಡಿ.